ಜನವರಿ 26: ಆಸ್ಟ್ರೇಲಿಯಾದ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಆಸ್ಟ್ರೇಲಿಯಾದ ಎಲ್ಲ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಕನ್ನಡ ಶಾಲೆಗಳ ಶಿಕ್ಷಕರಿಗೆ, ಸದಸ್ಯರಾದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ನಮಸ್ಕಾರ.

ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಯುತ್ತಿದ್ದ ಹಾಗೇ ನಮ್ಮ ವಾಟ್ಸಾಪ್ ಗುಂಪುಗಳಿಗೆ ಒಂದು ಪೋಸ್ಟರ್ ಬರುತ್ತದೆ. ಒಂದು ಕಡೆ ನಮ್ಮ ತ್ರಿವರ್ಣ ಧ್ವಜ, ಇನ್ನೊಂದು ಕಡೆ ಆಸ್ಟ್ರೇಲಿಯಾದ ಬಾವುಟ. ‘ಗಣರಾಜ್ಯೋತ್ಸವ ಮತ್ತು ಆಸ್ಟ್ರೇಲಿಯಾ ಡೇ ಜಂಟಿ ಆಚರಣೆ.’ ಬೆಳಿಗ್ಗೆ ಧ್ವಜಾರೋಹಣ, ಮಧ್ಯಾಹ್ನ ಪಾರ್ಕಿನಲ್ಲಿ ಊಟ, ಮಕ್ಕಳಿಗೆ ಆಟೋಟ. ಹುಟ್ಟಿದ ದೇಶ, ಬಂದು ಸೇರಿದ ದೇಶ, ಎರಡರ ಹಬ್ಬವೂ ಒಂದೇ ದಿನ ಬಂದಿದೆ, ಎಷ್ಟು ಚೆನ್ನಾಗಿದೆ ಅಲ್ವಾ ಅಂತ ಎಲ್ಲರಿಗೂ ಖುಷಿ. ಆ ಖುಷಿಯ ಹಿಂದೆ ಯಾರದ್ದೂ ಕೆಟ್ಟ ಉದ್ದೇಶ ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ಆದರೂ ನಿಮ್ಮಲ್ಲಿ ಒಂದು ಕೋರಿಕೆ ಇದೆ. ಗಣರಾಜ್ಯೋತ್ಸವ ಮಾಡೋಣ, ಈಗಿನದಕ್ಕಿಂತ ಜೋರಾಗಿಯೇ ಮಾಡೋಣ. ಆದರೆ ಅದರ ಜೊತೆಗೆ ‘ಆಸ್ಟ್ರೇಲಿಯಾ ಡೇ’ ಸಂಭ್ರಮ ಬೇಡ. ಈ ನೆಲದ ಮೂಲನಿವಾಸಿಗಳಲ್ಲಿ ತುಂಬ ಜನರಿಗೆ ಅದು ಸೂತಕದ ದಿನ. ಬೇರೆ ಯಾರಿಗೆ ಈ ಮಾತು ತಟ್ಟದಿದ್ದರೂ ಕನ್ನಡಿಗರಿಗೆ ತಟ್ಟಬೇಕು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

1770ರ ಏಪ್ರಿಲ್ 29ರಂದು ಬ್ರಿಟಿಷ್ ನೌಕಾಧಿಕಾರಿ ಜೇಮ್ಸ್ ಕುಕ್‌ನ ದೋಣಿಗಳು ಈಗಿನ ಸಿಡ್ನಿಯ ಬಾಟನಿ ಬೇ ದಡಕ್ಕೆ ಬಂದವು. ಆ ದಡದ ಗ್ವೀಗಲ್ ಕುಲದ ಇಬ್ಬರು ಗಂಡಸರು ಭರ್ಜಿ ಹಿಡಿದು ಅಡ್ಡ ನಿಂತರು. ಕುಕ್ ಗುಂಡು ಹಾರಿಸಿದ, ಒಬ್ಬನಿಗೆ ಗಾಯವಾಯಿತು. ಅಲ್ಲಿಂದ ಸುಮಾರು 40 ಭರ್ಜಿಗಳನ್ನು ಎತ್ತಿಕೊಂಡು ಹೋದರು. ಅವುಗಳಲ್ಲಿ ಉಳಿದಿದ್ದ ನಾಲ್ಕು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ವಶದಲ್ಲಿದ್ದವು. ಅವು ಅದೇ ದಡದ ಜನರ ವಂಶದವರಿಗೆ ಮರಳಿ ಸಿಕ್ಕಿದ್ದು 2024ರಲ್ಲಿ. ಕುಕ್ ಮುಂದೆ ಉತ್ತರಕ್ಕೆ ಸಾಗಿ, ಆಗಸ್ಟ್ 22ರಂದು ಒಂದು ಪುಟ್ಟ ದ್ವೀಪದಲ್ಲಿ ಬಾವುಟ ನೆಟ್ಟು, ಇಡೀ ಪೂರ್ವ ಕರಾವಳಿ ತನ್ನ ರಾಜನದ್ದು ಅಂತ ಘೋಷಿಸಿದ. ಯಾರನ್ನೂ ಕೇಳಲಿಲ್ಲ.

ಅಮೆರಿಕದ ವಸಾಹತುಗಳು ಕೈತಪ್ಪಿದ ಮೇಲೆ ಬ್ರಿಟನ್ನಿಗೆ ತನ್ನ ಕೈದಿಗಳನ್ನು ಸಾಗಹಾಕಲು ಬೇರೆ ಜಾಗ ಬೇಕಾಯಿತು. 11 ಹಡಗುಗಳು ಹೊರಟವು. 1788ರ ಜನವರಿ 26ರಂದು ಅವುಗಳ ಮುಖ್ಯಸ್ಥ ಆರ್ಥರ್ ಫಿಲಿಪ್ ಸಿಡ್ನಿ ಕೋವ್‌ನಲ್ಲಿ ಬಾವುಟ ಏರಿಸಿದ. ನಾವು ರಜೆ ಹಾಕಿ ಆಚರಿಸುವ ದಿನ ಇದು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವಲ್ಲ, ಸಂವಿಧಾನ ಜಾರಿಗೆ ಬಂದ ದಿನವೂ ಅಲ್ಲ. ಕಾಮನ್‌ವೆಲ್ತ್ ಆಫ್ ಆಸ್ಟ್ರೇಲಿಯಾ ಹುಟ್ಟಿದ್ದು 1901ರ ಜನವರಿ 1ರಂದು. ಎಲ್ಲ ರಾಜ್ಯಗಳೂ 26ರಂದೇ ಒಟ್ಟಿಗೆ ರಜೆ ಕೊಡುವ ಪದ್ಧತಿ ಶುರುವಾಗಿದ್ದು 1994ರಲ್ಲಿ. ನಮ್ಮಲ್ಲಿ ಕೆಲವರು ಆಗಲೇ ಇಲ್ಲಿಗೆ ಬಂದು ನೆಲೆಸಿದ್ದರು.

ಬಾವುಟ ಏರಿದ ಮುಂದಿನ ವರ್ಷವೇ, 1789ರ ಏಪ್ರಿಲ್‌ನಲ್ಲಿ, ಸಿಡುಬು ಬಂತು. ಬಂದರಿನ ಸುತ್ತ ಬಂಡೆಗಳ ಸಂದಿಯಲ್ಲಿ, ಮರಳಿನ ಮೇಲೆ ಹೆಣಗಳು ಬಿದ್ದಿದ್ದವು. ಹೂಳುವವರೂ ಇರಲಿಲ್ಲ. ಆ ಭಾಗದ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರು ಅಂತ ಫಿಲಿಪ್ ಅಂದಾಜು ಮಾಡಿದ. ಈಗಿನ ಸಿಡ್ನಿ ನಗರದ ಮಧ್ಯಭಾಗ ಕ್ಯಾಡಿಗಲ್ ಕುಲದ ಜಾಗ. ಆ ಕುಲದಲ್ಲಿ ಉಳಿದದ್ದು ಮೂರೇ ಜನ ಅಂತ ಆಗಿನ ಅಧಿಕಾರಿಯೊಬ್ಬ ಬರೆದಿಟ್ಟಿದ್ದಾನೆ.

ಇದೆಲ್ಲ ಬಂದರಿನ ಹತ್ತಿರದ ಕಥೆ ಆಯಿತು. ಈಗ ನಮ್ಮ ಕಡೆಗೆ ಬನ್ನಿ. ಪಶ್ಚಿಮ ಸಿಡ್ನಿಯ ಪ್ಯಾರಮಾಟ, ವೆಸ್ಟ್‌ಮೀಡ್, ವೆಂಟ್ವರ್ತ್‌ವಿಲ್, ಟೂಂಗಾಬಿ, ಗಿರ್ರಾವೀನ್, ಬ್ಲ್ಯಾಕ್‌ಟೌನ್. ಕನ್ನಡದವರ ಮನೆ ಇಲ್ಲದ ಬೀದಿ ಹುಡುಕಬೇಕು, ಅಷ್ಟು ಜನ ಇದ್ದೇವೆ. ಇದು ಧರುಗ್ ಜನರ ನೆಲ.

ಇವರ ಬದುಕು ಹೇಗೆ ಕಿತ್ತುಹೋಯಿತು ಅನ್ನೋದನ್ನು ತಿಳಿಯಲು ಹಾಕ್ಸ್‌ಬರಿ ನದಿಯ ದಡವನ್ನು ನೋಡಬೇಕು. ಅಲ್ಲಿನ ಮೆಕ್ಕಲು ಮಣ್ಣಿನಲ್ಲಿ ಕಾಡುಗೆಣಸು ಬೆಳೆಯುತ್ತಿತ್ತು. ಹೆಂಗಸರು ಕೋಲಿನಿಂದ ಅಗೆದು ತರುತ್ತಿದ್ದರು. ಅದು ಆ ಜನರ ಮುಖ್ಯ ಆಹಾರ. 1794ರಲ್ಲಿ ಆ ದಡದ ಜಮೀನನ್ನು ಬಿಳಿಯ ವಲಸಿಗರಿಗೆ ಹಂಚಿಕೊಟ್ಟರು. ಅವರು ಗೆಣಸಿನ ನೆಲವನ್ನು ಅಗೆದು ಮೆಕ್ಕೆಜೋಳ ಹಾಕಿದರು. ನದಿಗೆ ಇಳಿಯುವ ದಾರಿಯೂ ಬಂದ್ ಆಯಿತು. ಹೊಟ್ಟೆಗಿಲ್ಲದ ಜನ ಜೋಳ ಬಲಿತಾಗ ಬಂದು ತೆನೆ ಮುರಿದುಕೊಂಡರು. ಅದಕ್ಕೆ ಕಳ್ಳತನ ಅಂತ ಹೆಸರಿಟ್ಟು ಗುಂಡು ಹೊಡೆದರು. ಅವರು ತಿರುಗಿಬಿದ್ದರು. 1795ರಲ್ಲಿ ಪ್ಯಾರಮಾಟದಿಂದ ಸೈನ್ಯವೇ ಹೋಯಿತು. ಹೊಲ, ಗದ್ದೆ, ಬೆಳೆ ಕಾವಲು ಇವನ್ನೆಲ್ಲ ಕಂಡ ಮನೆಗಳಿಂದ ಬಂದವರು ನಾವು. ಯಾರ ನೆಲದಲ್ಲಿ ಯಾರು ಬೆಳೆದದ್ದು, ಯಾರು ಯಾರನ್ನು ಕಳ್ಳ ಅಂದದ್ದು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಹೋರಾಟಕ್ಕೆ ಮುಂದಾಳಾಗಿದ್ದವನು ಪೆಮಲ್ವೊಯ್, ಬಿಜಿಗಲ್ ಕುಲದ ಯೋಧ. 1797ರ ಮಾರ್ಚ್‌ನಲ್ಲಿ ಅವನ ಜನ ಟೂಂಗಾಬಿಯ ಸರ್ಕಾರಿ ಹೊಲದ ಮೇಲೆ ದಾಳಿ ಮಾಡಿದರು. ಬೆನ್ನಟ್ಟಿ ಬಂದವರ ಜೊತೆ ಪ್ಯಾರಮಾಟದಲ್ಲೇ ಕಾದಾಟ ನಡೆಯಿತು. ಏಳು ಚೂರು ಸೀಸ ಅವನ ಮೈಗೆ ಹೊಕ್ಕಿತು. ಕಾಲಿಗೆ ಕಬ್ಬಿಣದ ಬೇಡಿ ಹಾಕಿ ಆಸ್ಪತ್ರೆಯಲ್ಲಿಟ್ಟರು. ಬೇಡಿಯ ಸಮೇತ ತಪ್ಪಿಸಿಕೊಂಡು ಹೋದ. ಇನ್ನೂ ಐದು ವರ್ಷ ಕಾದಾಡಿದ. 1802ರಲ್ಲಿ ಗುಂಡಿಟ್ಟು ಕೊಂದರು. ಅವನ ತಲೆ ಕಡಿದು, ಮದ್ಯಸಾರದಲ್ಲಿ ಹಾಕಿ, ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದರು. ಕಳಿಸಿದ ಗವರ್ನರ್ ಕಿಂಗ್ ತಾನೇ ಅವನನ್ನು ಧೈರ್ಯವಂತ, ಸ್ವತಂತ್ರ ಮನಸ್ಸಿನವ ಅಂತ ಹೊಗಳಿ ಬರೆದಿದ್ದಾನೆ. ಆ ತಲೆ ಇವತ್ತಿಗೂ ಪತ್ತೆಯಾಗಿಲ್ಲ. ಗಿರ್ರಾವೀನ್ ಪಕ್ಕದ ಹೊಸ ಬಡಾವಣೆಗೆ ಈಗ ಪೆಮಲ್ವೊಯ್ ಅಂತಲೇ ಹೆಸರು. ನಮ್ಮವರು ಬಹಳ ಜನ ಅಲ್ಲಿ ಮನೆ ಕೊಂಡಿದ್ದಾರೆ. ಮಕ್ಕಳು ಶಾಲೆಯ ಅರ್ಜಿಯಲ್ಲಿ ಆ ಹೆಸರನ್ನು ವಿಳಾಸವಾಗಿ ಬರೆಯುತ್ತಾರೆ. ಆ ಹೆಸರಿನ ಮನುಷ್ಯ ಯಾರು ಅಂತ ಮಕ್ಕಳಿಗೆ ಹೇಳಿಕೊಡುವುದು ದೊಡ್ಡವರಾದ ನಮ್ಮ ಕೆಲಸ.

ಈಗ ಕನ್ನಡಿಗರಿಗೆ ತಟ್ಟಬೇಕು ಅಂದೆನಲ್ಲ, ಆ ವಿಷಯಕ್ಕೆ ಬರುತ್ತೇನೆ.

ಮ್ಯಾಕ್ವಾರಿ. ಈ ಹೆಸರು ನಮಗೆ ಎಷ್ಟು ಸಲೀಸು! ಮ್ಯಾಕ್ವಾರಿ ಪಾರ್ಕ್‌ನಲ್ಲಿ ಆಫೀಸು, ಮ್ಯಾಕ್ವಾರಿ ಯೂನಿವರ್ಸಿಟಿಯಲ್ಲಿ ಮಗಳ ಓದು, ಮ್ಯಾಕ್ವಾರಿ ಸ್ಟ್ರೀಟ್‌ನಲ್ಲಿ ಡಾಕ್ಟರು. 1810ರಿಂದ 1821ರವರೆಗೆ ಇಲ್ಲಿ ಗವರ್ನರ್ ಆಗಿದ್ದ ಲಾಕ್ಲನ್ ಮ್ಯಾಕ್ವಾರಿಯ ಹೆಸರು ಅದು. ಇಲ್ಲಿಗೆ ಬರುವ ಮೊದಲು ಅವನು ಎಲ್ಲಿದ್ದ ಗೊತ್ತಾ? ನಮ್ಮ ಶ್ರೀರಂಗಪಟ್ಟಣದಲ್ಲಿ. ಬ್ರಿಟಿಷ್ ಸೈನ್ಯದ 77ನೇ ರೆಜಿಮೆಂಟಿನ ಅಧಿಕಾರಿಯಾಗಿ 1792ರ ಮುತ್ತಿಗೆಯಲ್ಲೂ ಇದ್ದ, 1799ರ ಮುತ್ತಿಗೆಯಲ್ಲೂ ಇದ್ದ. ಕಣ್ಣಾನೂರಿನಿಂದ ಕೊಡಗಿನ ಘಾಟಿ ಹತ್ತಿ ಬಂದ ಬಾಂಬೆ ಸೈನ್ಯದ ಜೊತೆಗೆ ಬಂದವನು. ಮೇ 4ರಂದು ಟಿಪ್ಪು ಸತ್ತು ಕೋಟೆ ಬಿದ್ದ ಮೇಲೆ ಊರನ್ನು ದೋಚಿದರಲ್ಲ, ಆ ಲೂಟಿಯನ್ನು ಲೆಕ್ಕ ಹಾಕಿ ಅಧಿಕಾರಿಗಳಿಗೆ ಹಂಚಿದರು. ಮ್ಯಾಕ್ವಾರಿಗೂ ಪಾಲು ಸಿಕ್ಕಿತು. ಅದಕ್ಕೂ ಮುಂಚೆ, 1795ರಲ್ಲಿ, ಕೊಚ್ಚಿಯಲ್ಲಿ ಇಬ್ಬರು ಚಿಕ್ಕ ಹುಡುಗರನ್ನು ದುಡ್ಡು ಕೊಟ್ಟು ಗುಲಾಮರಾಗಿ ಕೊಂಡುಕೊಂಡಿದ್ದ. ಒಬ್ಬನಿಗೆ ಜಾರ್ಜ್ ಜಾರ್ವಿಸ್ ಅಂತ ಹೆಸರಿಟ್ಟ. ಆ ಹುಡುಗ ಜೀವನಪೂರ್ತಿ ಅವನ ಸೇವಕನಾಗಿ ಉಳಿದ, ಸಿಡ್ನಿಗೂ ಬಂದ.

ಮ್ಯಾಕ್ವಾರಿ ಒಳ್ಳೆಯ ಕೆಲಸವನ್ನೂ ಮಾಡಿದ್ದಾನೆ. ರಸ್ತೆ, ಆಸ್ಪತ್ರೆ ಕಟ್ಟಿಸಿದ. ಶಿಕ್ಷೆ ಮುಗಿಸಿದ ಕೈದಿಗಳಿಗೆ ಸಮಾಜದಲ್ಲಿ ಗೌರವದ ಜಾಗ ಕೊಟ್ಟ, ಅದಕ್ಕಾಗಿ ಶ್ರೀಮಂತರ ದ್ವೇಷ ಕಟ್ಟಿಕೊಂಡ. ಇಲ್ಲಿನ ಪುಸ್ತಕಗಳು ಅದನ್ನು ಬೇಕಾದಷ್ಟು ಹೇಳುತ್ತವೆ. ನಾನು 1816ರ ಏಪ್ರಿಲ್ ಬಗ್ಗೆ ಹೇಳುತ್ತೇನೆ.

ಆ ವರ್ಷಗಳಲ್ಲಿ ಬರ ಬಿದ್ದಿತ್ತು. ನೇಪಿಯನ್ ನದಿಯ ಆಸುಪಾಸು ವಲಸಿಗರ ಜಮೀನು ಹಬ್ಬುತ್ತಾ ಹೋಯಿತು. ಧರವಲ್, ಗಂಡಂಗರ ಜನರ ಜೊತೆ ಜಗಳ ಹೆಚ್ಚಿತು. ಎರಡೂ ಕಡೆ ಹೆಣ ಬಿದ್ದವು. ಮ್ಯಾಕ್ವಾರಿ 46ನೇ ರೆಜಿಮೆಂಟಿನ ಮೂರು ತುಕಡಿಗಳನ್ನು ಕಳಿಸಿದ. ಸಿಕ್ಕವರನ್ನೆಲ್ಲ ಸೆರೆ ಹಿಡಿಯಬೇಕು, ಎದುರು ನಿಂತವರಿಗೆ, ಓಡಿದವರಿಗೆ ಗುಂಡು. ಸತ್ತ ಗಂಡಸರ ಹೆಣಗಳನ್ನು ಎಲ್ಲರಿಗೂ ಕಾಣುವ ಹಾಗೆ ಮರಕ್ಕೆ ನೇತುಹಾಕಬೇಕು, ಉಳಿದವರ ಎದೆ ನಡುಗಬೇಕು. ಇದು ಬಾಯಿಮಾತಿನ ವದಂತಿಯಲ್ಲ, ಅವನೇ ಬರೆದುಕೊಟ್ಟ ಆದೇಶ.

ಏಪ್ರಿಲ್ 17ರ ನಸುಕಿನಲ್ಲಿ ಕ್ಯಾಪ್ಟನ್ ವಾಲಿಸ್‌ನ ತುಕಡಿ ಸಿಡ್ನಿಯ ನೈಋತ್ಯಕ್ಕಿರುವ ಆಪಿನ್ ಹತ್ತಿರ ಒಂದು ಬಿಡಾರಕ್ಕೆ ಬಂತು. ಬೆಳದಿಂಗಳಿತ್ತು. ಬೆಂಕಿ ಉರಿಯುತ್ತಿತ್ತು, ಜನ ಕಾಣಲಿಲ್ಲ. ಆಗ ಕತ್ತಲಲ್ಲಿ ಎಲ್ಲೋ ಒಂದು ಮಗು ಅತ್ತಿತು. ಸೈನಿಕರು ಸಾಲುಗಟ್ಟಿ ಆ ದಿಕ್ಕಿಗೆ ನುಗ್ಗಿದರು. ನಾಯಿಗಳು ಬೊಗಳಿದವು. ಗುಂಡಿನ ಸದ್ದು ಶುರುವಾಯಿತು. ಮುಂದೆ ಆಳವಾದ ಕಲ್ಲಿನ ಕಮರಿ. ಕೆಲವರು ಗುಂಡಿಗೆ ಬಿದ್ದರು, ಕೆಲವರು ಕಮರಿಗೆ ಬಿದ್ದರು. ವಾಲಿಸ್ ಎಣಿಸಿದ್ದು 14 ಹೆಣ. ಕಮರಿಯ ತಳದಲ್ಲಿದ್ದವರನ್ನೆಲ್ಲ ಅವನು ಎಣಿಸಿರಲಾರ. ಬದುಕಿ ಸೆರೆ ಸಿಕ್ಕವರು ಇಬ್ಬರು ಹೆಂಗಸರು, ಮೂರು ಮಕ್ಕಳು. ಕ್ಯಾನಬೇಗಲ್, ಡ್ಯುರೆಲ್ ಎಂಬ ಇಬ್ಬರ ಹೆಣವನ್ನು ಆದೇಶದ ಪ್ರಕಾರ ಗುಡ್ಡದ ಮೇಲೆ ಎಳೆದು ತಂದು ಮರಕ್ಕೆ ತೂಗುಹಾಕಿದರು. ಆಮೇಲೆ ಕ್ಯಾನಬೇಗಲ್‌ನ ತಲೆಬುರುಡೆ ಎಡಿನ್‌ಬರೋಗೆ ಹೋಯಿತು. ಆಸ್ಟ್ರೇಲಿಯಾಕ್ಕೆ ಮರಳಿದ್ದು 1991ರಲ್ಲಿ. ಆ 46ನೇ ರೆಜಿಮೆಂಟು ಮುಂದಿನ ವರ್ಷ ಇಲ್ಲಿಂದ ಹಡಗು ಹತ್ತಿ ಹೋದದ್ದು ಮದ್ರಾಸಿಗೆ.

ಒಂದೇ ಸಾಮ್ರಾಜ್ಯ, ಅವೇ ರೆಜಿಮೆಂಟುಗಳು, ಅದೇ ಅಧಿಕಾರಿ. ಶ್ರೀರಂಗಪಟ್ಟಣದಲ್ಲಿ ನಾವು ಅವನ ಎದುರಿಗಿದ್ದೆವು, ಆಪಿನ್‌ನಲ್ಲಿ ಅವರು ಎದುರಿಗಿದ್ದರು. ಹಾಗಾದರೆ ನಾವೂ ಅವರೂ ಒಂದೇ ಅಂತ ಹೇಳಿಬಿಡಬಹುದಾ? ಇಲ್ಲಿ ಒಂದು ಮುಖ್ಯವಾದ ವ್ಯತ್ಯಾಸ ಇದೆ. ‘ನಮ್ಮನ್ನೂ ಬ್ರಿಟಿಷರು ಆಳಿದರು, ನಾವು ಮೇಲೆ ಬರಲಿಲ್ವಾ, ಇವರಿಗೇನು ಕಷ್ಟ’ ಅನ್ನುವ ಮಾತನ್ನು ನಮ್ಮ ಕೂಟಗಳಲ್ಲಿ ನಾನು ತುಂಬ ಸಲ ಕೇಳಿದ್ದೇನೆ. ಅದಕ್ಕಾಗಿ ಇದನ್ನು ಬಿಡಿಸಿ ಹೇಳಲೇಬೇಕು.

1799ರಲ್ಲಿ ಮೈಸೂರನ್ನು ಗೆದ್ದ ಕಂಪನಿಗೆ ಬೇಕಾಗಿದ್ದು ದುಡ್ಡು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗಾದಿಯ ಮೇಲೆ ಕೂರಿಸಿ, ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು ಅಂತ ಒಪ್ಪಂದ ಮಾಡಿಕೊಂಡರು. ಆ ದುಡ್ಡು ಬರಬೇಕಾದರೆ ರೈತ ಬದುಕಿರಬೇಕು. ಕೆರೆಯಲ್ಲಿ ನೀರಿರಬೇಕು, ರಾಗಿ ಬೆಳೆಯಬೇಕು, ಶಾನುಭೋಗ ಲೆಕ್ಕ ಬರೆಯಬೇಕು. ನಮ್ಮನ್ನು ಹಿಂಡಿದರು, ನಿಜ. ಬರಗಾಲದಲ್ಲಿ ಸಾಯಲು ಬಿಟ್ಟರು, ಅದೂ ನಿಜ. ಆದರೆ ನಮ್ಮ ಊರು, ದೇವಸ್ಥಾನ, ಭಾಷೆ, ಮನೆತನದ ಹೆಸರು ನಮ್ಮ ಹತ್ತಿರವೇ ಉಳಿದವು. ನಾವೇ ಜಾಸ್ತಿ ಇದ್ದೆವು, ಅವರು ಬೆರಳೆಣಿಕೆಯ ಜನ. ಕೊನೆಗೆ ಅವರು ಹಡಗು ಹತ್ತಿ ಹೋದರು.

ಇಲ್ಲಿ ಅವರಿಗೆ ಬೇಕಾಗಿದ್ದು ನೆಲ. ಅದರ ಮೇಲಿನ ಜನ ಬೇಕಾಗಿರಲಿಲ್ಲ. ಕಂದಾಯ ಕೊಡುವವರಾಗಿ ಕೂಡ ಬೇಕಾಗಿರಲಿಲ್ಲ. ಕುರಿ ಮೇಯಲು ಹುಲ್ಲು ಬೇಕು, ಮೂಲನಿವಾಸಿಗಳು ಅದಕ್ಕೆ ಅಡ್ಡಿ. ಹೀಗಾಗಿ ಒಪ್ಪಂದ ಮಾಡಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಈ ನೆಲಕ್ಕೆ ಒಡೆಯರೇ ಇರಲಿಲ್ಲ ಅನ್ನುವ ಸುಳ್ಳನ್ನು ಕಾನೂನಾಗಿ ಮಾಡಿಕೊಂಡರು. ಅದು ತಪ್ಪು ಅಂತ ಇಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಹೇಳಿದ್ದು 1992ರ ಜೂನ್ 3ರಂದು, ಎಡ್ಡಿ ಮಾಬೋ ಹೂಡಿದ ಮೊಕದ್ದಮೆಯಲ್ಲಿ. ತೀರ್ಪು ಕೇಳಲು ಮಾಬೋ ಬದುಕಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಮತ್ತೆ, ಬಂದವರು ಇಲ್ಲಿಂದ ಎದ್ದು ಹೋಗಲಿಲ್ಲ. ಮೂಲನಿವಾಸಿಗಳಿಗೆ 1947ರ ಆಗಸ್ಟ್ 15 ಅನ್ನುವಂಥ ಒಂದು ದಿನ ಬರಲೇ ಇಲ್ಲ. ‘ನಾವು ಮೇಲೆ ಬರಲಿಲ್ವಾ’ ಅನ್ನುವವರು ಇದನ್ನು ಒಮ್ಮೆ ಸಮಾಧಾನವಾಗಿ ಯೋಚಿಸಿ.

ಮಕ್ಕಳ ವಿಷಯವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಪ್ಯಾರಮಾಟದಲ್ಲಿ 1815ರ ಜನವರಿಯಲ್ಲಿ ಮ್ಯಾಕ್ವಾರಿ ಮೂಲನಿವಾಸಿ ಮಕ್ಕಳಿಗೆ ಒಂದು ವಸತಿ ಶಾಲೆ ತೆರೆದ. ನೇಟಿವ್ ಇನ್‌ಸ್ಟಿಟ್ಯೂಷನ್ ಅಂತ ಹೆಸರು. ಒಮ್ಮೆ ಸೇರಿಸಿದ ಮಗುವನ್ನು ವಾಪಸ್ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಅಪ್ಪ ಅಮ್ಮ ಬೇಲಿಯ ಸಂದಿಯಿಂದ ಇಣುಕಿ ಮಕ್ಕಳನ್ನು ನೋಡುತ್ತಿದ್ದರಂತೆ. 1816ರ ದಂಡಯಾತ್ರೆಗೆ ಹೋದ ಸೈನಿಕರಿಗೆ ಇನ್ನೊಂದು ಆದೇಶವೂ ಇತ್ತು. ಈ ಶಾಲೆಗಾಗಿ 12 ಗಂಡು ಮಕ್ಕಳನ್ನು, 6 ಹೆಣ್ಣು ಮಕ್ಕಳನ್ನು ಹಿಡಿದು ತರಬೇಕು.

ಆ ಶಾಲೆಯಲ್ಲಿ ಮರಿಯಾ ಎಂಬ ಹುಡುಗಿ ಇದ್ದಳು. ಧರುಗ್ ನಾಯಕ ಯರಮುಂಡಿಯ ಮಗಳು. 1819ರ ಪರೀಕ್ಷೆಯಲ್ಲಿ ಬಿಳಿಯರ ಸುಮಾರು ನೂರು ಮಕ್ಕಳನ್ನು ಹಿಂದೆ ಹಾಕಿ ಮೊದಲ ಬಹುಮಾನ ಗೆದ್ದಳು. ದೊಡ್ಡವಳಾಗಿ ರಾಬರ್ಟ್ ಲಾಕ್ ಎಂಬ ಕೈದಿ ಬಡಗಿಯನ್ನು ಮದುವೆಯಾದಳು. ಬ್ಲ್ಯಾಕ್‌ಟೌನ್‌ನಲ್ಲಿ ಅವಳ ಅಣ್ಣ ಕೋಲ್ಬಿಗೆ ಮ್ಯಾಕ್ವಾರಿ 30 ಎಕರೆ ಕೊಟ್ಟಿದ್ದ. ಅಣ್ಣ ಸತ್ತ ಮೇಲೆ ಆ ಜಮೀನು ತನಗೆ ಬರಬೇಕು ಅಂತ ಮರಿಯಾ 1831ರಲ್ಲಿ ಗವರ್ನರ್‌ಗೆ ಅರ್ಜಿ ಬರೆದಳು. ಸಿಕ್ಕಿದ್ದು 1843ರಲ್ಲಿ, 12 ವರ್ಷ ಆದ ಮೇಲೆ. ತನ್ನ ಅಜ್ಜ ಮುತ್ತಜ್ಜರ ನೆಲದಲ್ಲೇ 30 ಎಕರೆಗೆ ಅರ್ಜಿ ಹಾಕಿ 12 ವರ್ಷ ಕಾದ ಹೆಣ್ಣುಮಗಳು ಇವಳು. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅಲೆದ ಮನೆಗಳಿಂದ ಬಂದ ನಮಗೆ ಅವಳ ಹೊಟ್ಟೆಯ ಸಂಕಟ ಗೊತ್ತಾಗಬೇಕು. ಅವಳ ಮಕ್ಕಳು, ಮೊಮ್ಮಕ್ಕಳು ಆ ಜಮೀನಿನಲ್ಲಿ ಬದುಕಿದರು. 1920ರ ಹೊತ್ತಿಗೆ ಸರ್ಕಾರದ ಮಂಡಳಿ ಆ ಸ್ವಂತ ಜಮೀನನ್ನೂ ಮೀಸಲು ಪ್ರದೇಶ ಅಂತ ಲೆಕ್ಕ ಹಾಕಿ ಕಿತ್ತುಕೊಂಡಿತು. ಇವತ್ತಿನ ಎಷ್ಟೋ ಧರುಗ್ ಕುಟುಂಬಗಳು ತಮ್ಮನ್ನು ಮರಿಯಾಳ ಸಂತಾನ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅವರು ಇದೇ ಬ್ಲ್ಯಾಕ್‌ಟೌನ್ ಸುತ್ತಮುತ್ತ, ನಾವು ಹೋಗುವ ಅಂಗಡಿಗಳಲ್ಲೇ ಓಡಾಡುತ್ತಾರೆ.

‘ಇದೆಲ್ಲ ಹಳೇ ಕಥೆ, ನಾವು ಮೊನ್ನೆ ಬಂದವರು, ನಮಗೂ ಇದಕ್ಕೂ ಏನು ಸಂಬಂಧ?’ ಇದು ನಾನು ಅತಿ ಹೆಚ್ಚು ಕೇಳುವ ಮಾತು. ಹಳೆಯದಾ? ಮಕ್ಕಳನ್ನು ತಾಯಂದಿರಿಂದ ಕಿತ್ತು ಸರ್ಕಾರಿ ಹಾಸ್ಟೆಲುಗಳಿಗೆ ಸೇರಿಸುವುದು 1970ರ ಸುಮಾರಿನವರೆಗೂ ನಡೆಯಿತು. ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳನ್ನು ಹೀಗೆ ಒಯ್ದಿರಬಹುದು ಅಂತ 1997ರ ರಾಷ್ಟ್ರೀಯ ವಿಚಾರಣೆ ಹೇಳಿತು. ಕಿಂಚೆಲಾ ಎಂಬ ಹುಡುಗರ ನಿಲಯದಲ್ಲಿ ಮಕ್ಕಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ನಂಬರಿನಿಂದ ಕರೆಯುತ್ತಿದ್ದರು. ಆ ಮಕ್ಕಳಲ್ಲಿ ಬದುಕಿರುವವರು ಈಗ ನಮ್ಮ ಅಪ್ಪ ಅಮ್ಮಂದಿರ ವಯಸ್ಸಿನವರು. ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಎಲ್ಲ ಮೂಲನಿವಾಸಿಗಳಿಗೂ ಸಿಕ್ಕಿದ್ದು 1962ರಲ್ಲಿ. ನಮ್ಮ ಅಜ್ಜಿಯರು ಅದಕ್ಕೂ ಹತ್ತು ವರ್ಷ ಮೊದಲೇ, 1952ರಲ್ಲಿ, ಸಾಲಿನಲ್ಲಿ ನಿಂತು ಮತ ಹಾಕಿ ಬಂದಿದ್ದರು. ಸಂಸತ್ತಿಗೆ ಸಲಹೆ ಕೊಡುವ ಒಂದು ಮೂಲನಿವಾಸಿ ಮಂಡಳಿಯನ್ನು ಸಂವಿಧಾನದಲ್ಲಿ ಸೇರಿಸೋಣವೇ ಅಂತ 2023ರ ಅಕ್ಟೋಬರ್‌ನಲ್ಲಿ ಕೇಳಿದಾಗ ಮತದಾರರಲ್ಲಿ ಶೇಕಡ 60ರಷ್ಟು ಜನ ಬೇಡ ಅಂದರು. ಆಗ ಮತ ಹಾಕಿದವರಲ್ಲಿ ನಾವೂ ಇದ್ದೆವು. ಹಾಗಾಗಿ ಸಂಬಂಧ ಇಲ್ಲ ಅನ್ನುವ ಹಾಗಿಲ್ಲ.

ಸಂಘ ರಾಜಕೀಯದಿಂದ ದೂರ ಇರಬೇಕು ಅನ್ನುವವರೂ ಇದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಒಡಕು ಬೇಡ ಅನ್ನುವುದು ಒಳ್ಳೆಯ ಮನಸ್ಸೇ. ಆದರೆ ಒಂದು ಜನಾಂಗ ಅಳುವ ದಿನ ಬಾವುಟ ಹಿಡಿದು ನಲಿಯುವುದೂ ಒಂದು ಪಕ್ಷ ವಹಿಸಿದ ಹಾಗೇ. ನಾನು ಕೇಳುತ್ತಿರುವುದು ಆ ಪಕ್ಷದಿಂದ ಸಂಘ ಈಚೆ ಬರಲಿ ಅಂತ.

ಜನವರಿ 26ಕ್ಕೆ ಇನ್ನೊಂದು ಚರಿತ್ರೆಯೂ ಇದೆ. 1930ರ ಜನವರಿ 26ರಂದು ಭಾರತದ ಊರೂರುಗಳಲ್ಲಿ ಜನ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದರು. ಆ ನೆನಪಿಗಾಗಿಯೇ ನಮ್ಮ ಸಂವಿಧಾನ 26ರಂದು ಜಾರಿಗೆ ಬಂತು. ಆ ಪ್ರತಿಜ್ಞೆಯಾಗಿ ಎಂಟು ವರ್ಷಕ್ಕೆ, 1938ರ ಜನವರಿ 26ರಂದು, ಸಿಡ್ನಿಯಲ್ಲಿ ವಸಾಹತಿನ 150ನೇ ವರ್ಷದ ಸಡಗರ. ಫಿಲಿಪ್ ದಡಕ್ಕೆ ಇಳಿದ ದೃಶ್ಯವನ್ನು ಮತ್ತೆ ಆಡಿ ತೋರಿಸಿದರು. ಓಡಿಹೋಗುವ ಮೂಲನಿವಾಸಿಗಳ ಪಾತ್ರಕ್ಕೆ ದೂರದ ಮೆನಿಂಡಿಯಿಂದ ಜನರನ್ನು ಕರೆತಂದು ಪೊಲೀಸ್ ಬ್ಯಾರಕ್ಕಿನಲ್ಲಿ ಇಟ್ಟಿದ್ದರು. ಅದೇ ದಿನ ಎಲಿಜಬೆತ್ ಸ್ಟ್ರೀಟ್‌ನ ಆಸ್ಟ್ರೇಲಿಯನ್ ಹಾಲ್‌ನಲ್ಲಿ ಸುಮಾರು ನೂರು ಜನ ಮೂಲನಿವಾಸಿಗಳು ಸೇರಿ ಶೋಕ ದಿನ ಆಚರಿಸಿದರು. ಮುಂಬಾಗಿಲಿನಿಂದ ಬಿಡದೆ ಹಿಂಬಾಗಿಲಿನಿಂದ ಬರಲು ಹೇಳಿದ್ದರು. ಒಳಗೆ ಕೂತು ಅವರು ಕೇಳಿದ್ದು ಪೂರ್ಣ ಪೌರತ್ವ ಮತ್ತು ಸಮಾನತೆ. ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗ್ಯುಸನ್, ಪರ್ಲ್ ಗಿಬ್ಸ್, ವಿಲಿಯಂ ಕೂಪರ್ ಇದರ ಮುಂದಾಳುಗಳು.

ಈ ಕೂಪರ್ ಮೂಲನಿವಾಸಿಗಳಿಗೆ ಸಂಸತ್ತಿನಲ್ಲಿ ಪ್ರತಿನಿಧಿ ಬೇಕು ಅಂತ 1,814 ಜನರ ಸಹಿ ಸಂಗ್ರಹಿಸಿ ಇಂಗ್ಲೆಂಡಿನ ದೊರೆಗೆ ಮನವಿ ಬರೆದಿದ್ದರು. ಸರ್ಕಾರ ಅದನ್ನು ದೊರೆಗೆ ಕಳಿಸಲೇ ಇಲ್ಲ. ಜರ್ಮನಿಯಲ್ಲಿ ಯಹೂದಿಗಳ ಮೇಲೆ ದಾಳಿಯಾದಾಗ, 1938ರ ಡಿಸೆಂಬರ್‌ನಲ್ಲಿ, ತಮ್ಮ ಜನರನ್ನು ಕರೆದುಕೊಂಡು ಮೆಲ್ಬರ್ನ್‌ನ ಜರ್ಮನ್ ಕಾನ್ಸುಲೇಟ್‌ಗೆ ಪ್ರತಿಭಟನೆಯ ಪತ್ರ ಕೊಡಲು ನಡೆದು ಹೋದವರೂ ಇವರೇ. ಸ್ವಂತ ದೇಶದಲ್ಲಿ ಹಕ್ಕಿಲ್ಲದವರು ದೂರದ ಜನರ ನೋವಿಗೆ ದನಿ ಎತ್ತಿದರು.

ಕೂಪರ್‌ಗೆ ಅಕ್ಷರ ಕಲಿಸಿದ ಮೇಷ್ಟ್ರು ಯಾರು ಅಂತ ತಿಳಿದಾಗ ನನಗೆ ಮೈ ಜುಮ್ಮೆಂದಿತು. ಅವರ ಹೆಸರು ಥಾಮಸ್ ಶಾಡ್ರಾಕ್ ಜೇಮ್ಸ್. ಹುಟ್ಟಿದ್ದು ಮಾರಿಷಸ್‌ನಲ್ಲಿ, ಮದ್ರಾಸಿನ ತಮಿಳು ಮೂಲದ ಕುಟುಂಬದಲ್ಲಿ. 1881ರಲ್ಲಿ ಮರ್ರೆ ನದಿಯ ಪಕ್ಕದ ಮಲೋಗಾ ಮಿಷನ್ನಿಗೆ ಬಂದು ಪಾಠ ಶುರು ಮಾಡಿದರು. ಅಲ್ಲಿ, ಆಮೇಲೆ ಕಮ್ಮರಗಂಜದಲ್ಲಿ, 1922ರವರೆಗೆ ಕಲಿಸಿದರು. ಕೂಪರ್ ಅವರ ತಂಗಿ ಏಡಾಳನ್ನು ಮದುವೆಯಾಗಿ ಅಲ್ಲಿಯವರೇ ಆದರು. ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಪಾಠ. ಅರ್ಜಿ ಬರೆಯುವುದು, ಸಭೆಯಲ್ಲಿ ಎದ್ದು ಮಾತಾಡುವುದು, ಹಕ್ಕು ಕೇಳುವುದು ಇವೆಲ್ಲ ಆ ಪುಟ್ಟ ಶಾಲೆಯಲ್ಲಿ ಬೆಳೆದವು. ಮುಂದೆ ಸೌತ್ ಆಸ್ಟ್ರೇಲಿಯಾದ ಗವರ್ನರ್ ಆದ ಡಗ್ ನಿಕೋಲ್ಸ್ ಕೂಡ ಅಲ್ಲಿಯ ವಿದ್ಯಾರ್ಥಿ. ನಮ್ಮ ಕಡೆಯಿಂದ ಈ ನೆಲಕ್ಕೆ ಬಂದ ಒಬ್ಬ ವಲಸಿಗ ಯಾರ ಪಕ್ಕ ಕೂತು ಪಾಠ ಹೇಳಿದ ಅಂತ ನಮ್ಮ ಮಕ್ಕಳಿಗೆ ಗೊತ್ತಿರಬೇಡವೇ?

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ.

ಪೋಸ್ಟರಿನಿಂದ ‘ಆಸ್ಟ್ರೇಲಿಯಾ ಡೇ’ ತೆಗೆಯಿರಿ. ಬೆಳಿಗ್ಗೆ ಧ್ವಜಾರೋಹಣ ಮಾಡಿ, ಸಂವಿಧಾನದ ಪೀಠಿಕೆ ಓದಿ, ಉಪ್ಪಿಟ್ಟು ಕೇಸರಿಬಾತ್ ತಿಂದು, ಆಮೇಲೆ ಮಕ್ಕಳ ಸಮೇತ ಸಿಡ್ನಿಯ ವಿಕ್ಟೋರಿಯಾ ಪಾರ್ಕಿಗೆ ಹೋಗಿ. ಅಲ್ಲಿ ಪ್ರತಿ ವರ್ಷ ಅದೇ ದಿನ ಯಾಬುನ್ ಉತ್ಸವ ನಡೆಯುತ್ತದೆ. ಮೂಲನಿವಾಸಿಗಳೇ ನಡೆಸುವ ಹಾಡು, ಕುಣಿತ, ಮಾತು, ಅಂಗಡಿಗಳು. ಎಲ್ಲರನ್ನೂ ಪ್ರೀತಿಯಿಂದ ಸೇರಿಸಿಕೊಳ್ಳುತ್ತಾರೆ. ಪಾರ್ಕಿನ ಊಟ ಬೇಕೇಬೇಕು ಅಂದರೆ ಮುಂದಿನ ಶನಿವಾರ ಇಟ್ಟುಕೊಳ್ಳೋಣ, ಹುಳಿಯನ್ನ ಮೊಸರನ್ನ ಯಾವ ದಿನಕ್ಕೂ ರುಚಿಯೇ.

ಪೌರತ್ವದ ಪ್ರಮಾಣವಚನಕ್ಕೆ 26ನೇ ತಾರೀಖೇ ಬರಬೇಕು ಅಂತ ಈಗ ನಿಯಮವಿಲ್ಲ. 2022ರ ಕೊನೆಯಲ್ಲಿ ನಿಯಮ ಬದಲಾಯಿತು. ಆ ದಿನದ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಯಾವತ್ತಾದರೂ ಕೌನ್ಸಿಲ್‌ಗಳು ಸಮಾರಂಭ ಮಾಡಬಹುದು. ನಮ್ಮ ಕೌನ್ಸಿಲ್‌ಗಳಿಗೆ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಮನವಿ ಹೋಗಲಿ. ಹೊಸದಾಗಿ ಪೌರತ್ವ ಪಡೆಯುವವರಲ್ಲಿ ಭಾರತದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ಮಾತಿಗೆ ತೂಕ ಇದೆ.

ರಾಜ್ಯೋತ್ಸವಕ್ಕೆ ಈ ನೆಲದ ಹಿರಿಯರನ್ನು ಕರೆಯಿರಿ. ತಮ್ಮ ನೆಲಕ್ಕೆ ಸ್ವಾಗತ (ವೆಲ್‌ಕಮ್ ಟು ಕಂಟ್ರಿ) ಹೇಳಲು ಅವರಿಗೆ ಮಾತ್ರ ಅಧಿಕಾರ. ಸಂಭಾವನೆ ಕೊಟ್ಟು, ಶಾಲು ಹೊದಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ. ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ ಯಾರೋ ಮೊಬೈಲ್ ನೋಡಿಕೊಂಡು ಈ ನೆಲದ ಜನರನ್ನು ನೆನೆಯುವ ನಾಲ್ಕು ಸಾಲು ಓದಿ ಮುಗಿಸುವುದನ್ನು ನಾನು ಕಂಡಿದ್ದೇನೆ. ಕುಲದ ಹೆಸರೂ ತಪ್ಪಿತ್ತು. ನಮ್ಮ ಮನೆಗೆ ಹಿರಿಯರು ಬಂದರೆ ಹೀಗೆ ಮಾಡುತ್ತೇವಾ?

ಭಾಷೆಯ ವಿಷಯದಲ್ಲಂತೂ ನಮ್ಮಷ್ಟು ಕಾಳಜಿ ಯಾರಿಗಿದೆ? 1788ರಲ್ಲಿ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಹೆಚ್ಚಿನವು ಈಗ ಅಳಿವಿನ ಅಂಚಿನಲ್ಲಿವೆ. 1790ರ ಸುಮಾರಿನಲ್ಲಿ ಪಟ್ಯಗರಂಗ್ ಎಂಬ ಹುಡುಗಿ ವಿಲಿಯಂ ಡಾಸ್ ಎಂಬ ಅಧಿಕಾರಿಗೆ ಸಿಡ್ನಿಯ ನುಡಿಯನ್ನು ಕಲಿಸಿದಳು. ಅವನು ಬರೆದಿಟ್ಟ ನೋಟ್‌ಬುಕ್ಕುಗಳು ಲಂಡನ್ನಿನಲ್ಲಿ ಉಳಿದಿವೆ. ಇವತ್ತು ಅದೇ ನುಡಿಯನ್ನು ಮತ್ತೆ ಕಲಿಯುತ್ತಿರುವವರಿಗೆ ಆ ಹುಡುಗಿಯ ಮಾತುಗಳೇ ಆಧಾರ. ನಮ್ಮ ಭಾನುವಾರದ ಕನ್ನಡ ಶಾಲೆಗಳಲ್ಲಿ ಪ್ರತಿ ಟರ್ಮ್‌ಗೆ ಒಂದು ಪಾಠ ಸಾಕು. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣನ ಪಕ್ಕದಲ್ಲಿ ಪೆಮಲ್ವೊಯ್, ಮರಿಯಾ ಲಾಕ್, ಪಟ್ಯಗರಂಗ್, ಜೇಮ್ಸ್ ಮೇಷ್ಟ್ರು. ಎಲ್ಲ ಕನ್ನಡದಲ್ಲೇ. ಪಾಠಗಳ ಮೊದಲ ಕರಡನ್ನು ನಾನೇ ಬರೆದುಕೊಡುತ್ತೇನೆ. ಧರುಗ್ ಹಿರಿಯರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಮಕ್ಕಳ ಕೈಗೆ ಕೊಡೋಣ.

ಕೊನೆಯದಾಗಿ, ಆಪಿನ್ ಹತ್ಯಾಕಾಂಡದ ಸ್ಮರಣೆ ಪ್ರತಿ ಏಪ್ರಿಲ್‌ನಲ್ಲಿ ಕ್ಯಾಟರಾಕ್ಟ್ ಅಣೆಕಟ್ಟಿನ ಬಳಿ ನಡೆಯುತ್ತದೆ. ಸಾಮಾನ್ಯವಾಗಿ ಯುಗಾದಿ, ರಾಮನವಮಿ ಮುಗಿದಿರುವ ಸಮಯ, ಕಾರ್ಯಕ್ರಮಗಳ ಒತ್ತಡವೂ ಕಡಿಮೆ. ಶ್ರೀರಂಗಪಟ್ಟಣ, ಮಂಡ್ಯ, ಮೈಸೂರು, ಕೊಡಗಿನಿಂದ ಬಂದವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ. ಅವರು ಮುಂದೆ ನಿಂತು ಒಂದು ಬಸ್ ಮಾಡಿದರೆ ಹೋಗಿ ಬರಬಹುದು. ಭಾಷಣ ಮಾಡುವುದು ಬೇಡ, ಬ್ಯಾನರ್ ಬೇಡ. ಹೋಗಿ ಅವರ ಜೊತೆ ನಿಂತು, ಹೇಳಿದ್ದನ್ನು ಕೇಳಿ ಬರೋಣ.

ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯ ಅಜೆಂಡಾದಲ್ಲಿ ಈ ಪತ್ರವನ್ನು ಸೇರಿಸಿ. ಒಪ್ಪದವರೂ ಬಂದು ಮಾತಾಡಲಿ. ನಾನು ಬಂದು ಉತ್ತರ ಕೊಡುತ್ತೇನೆ. ಜನವರಿಗೆ ಹಾಲ್ ಬುಕ್ ಮಾಡುವುದು ಅಕ್ಟೋಬರ್‌ನಲ್ಲೇ ಆಗುವುದರಿಂದ, ದಯವಿಟ್ಟು ಅದಕ್ಕೆ ಮೊದಲೇ ತೀರ್ಮಾನ ಮಾಡಿ.

ಇಂತಿ ನಿಮ್ಮ,
ಪಶ್ಚಿಮ ಸಿಡ್ನಿಯ ಒಬ್ಬ ಕನ್ನಡತಿ